ಬುತ್ತಿ ಕಟ್ಟಿಕೊಂಡು ಹೋಗಿಬರುವ ಊರುಗಳು

(ಸೋನಾರ್‌ಪುರದ ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಹದಿನೈದು ದಿನಗಳ ಹಿಂದೆ ನಮ್ಮ ವಾಚನಾಲಯದ ಕಾರ್ಯದರ್ಶಿಗಳು ನನ್ನನ್ನು ಕಂಡು, “ಈ ತಿಂಗಳು ತಾವು ಮಾತನಾಡಬೇಕು, ಆದರೆ ದಯವಿಟ್ಟು ವೇದಾಂತ ಬೇಡ, ಅದು ಕಾಶಿಯಲ್ಲಿ ಬೀದಿಬೀದಿಗೂ ದೊರೆಯುತ್ತದೆ” ಎಂದರು. ನನಗೂ ಅದೇ ಬೇಕಾಗಿತ್ತು. ನಾನು ಪಂಡಿತನಲ್ಲ. ಆಯುಷ್ಯವನ್ನೆಲ್ಲ ಲೆಕ್ಕ ಬರೆಯುವುದರಲ್ಲಿ ಕಳೆದು ನಿವೃತ್ತನಾದವನು. ಆದ್ದರಿಂದ ಲೆಕ್ಕಕ್ಕೆ ಸಿಕ್ಕುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ನಾವಿರುವ ಈ ಉತ್ತರ ಪ್ರದೇಶದಲ್ಲಿಯೇ, ಬೆಳಿಗ್ಗೆ ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಸಣ್ಣ ಊರುಗಳಿಗೆ ಅಲ್ಪ ಖರ್ಚಿನಲ್ಲಿ ಹೋಗಿಬರುವುದು ಹೇಗೆ ಎಂಬುದೇ ಈ ಹೊತ್ತಿನ ನನ್ನ ವಿಷಯ.

“ದೇಶ ಸುತ್ತಿ ನೋಡು, ಕೋಶ ಓದಿ ನೋಡು” ಎಂಬ ಗಾದೆಯನ್ನು ಎಲ್ಲ ಕನ್ನಡ ಮಕ್ಕಳೂ ಶಾಲೆಯಲ್ಲಿ ಕಾಪಿ ಬರೆದವರೇ. ಕೋಶದ ಭಾಗವನ್ನು ಈ ವಾಚನಾಲಯ ನೋಡಿಕೊಳ್ಳುತ್ತಿದೆ; ಅದಕ್ಕೆ ಶುಲ್ಕವೂ ಇಲ್ಲ. ದೇಶದ ಭಾಗವನ್ನು ಮಾತ್ರ ನಾವು ಬಾಕಿ ಉಳಿಸಿಕೊಂಡಿದ್ದೇವೆ. ಈ ಬಾಕಿ ಹಣದ ಅಡಚಣೆಯಿಂದ ಉಳಿದದ್ದೆಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲವೆಂದು ನಾನು ಬಹಳ ತಡವಾಗಿ ಕಲಿತೆ. ನೀವು ಅಷ್ಟು ತಡಮಾಡಬಾರದೆಂಬುದಕ್ಕಾಗಿಯೇ ಈ ಮಾತು.

ನಮ್ಮ ಪ್ರಯಾಣಗಳು ಎಂಥವು ಎಂದು ಸ್ವಲ್ಪ ಯೋಚಿಸಿ ನೋಡೋಣ. ಸೋನಾರ್‌ಪುರ, ಜಂಗಮವಾಡಿ, ಹನುಮಾನ್ ಘಾಟು, ಕೇದಾರ ಘಾಟು ಈ ಸುತ್ತಿನಲ್ಲಿ ನೆಲೆಸಿದ ನಮ್ಮ ಸಂಸಾರಗಳಿಗೆ ಪ್ರಯಾಣವೆಂದರೆ ಒಂದೇ, ಊರಿಗೆ ಹೋಗುವುದು. ಮದುವೆಯೋ, ಮುಂಜಿಯೋ, ಹಿರಿಯರ ಖಾಯಿಲೆಯೋ ಒದಗಬೇಕು. ಎರಡು ರಾತ್ರಿಗಳ ರೈಲು. ಒಂದೆರಡು ವರ್ಷದ ಉಳಿತಾಯವೆಲ್ಲ ಅದಕ್ಕೇ ಸರಿಹೋಗುತ್ತದೆ. ಊರು ತಲಪಿದ ಮೇಲೆ ನೆಂಟರ ಮನೆಯಿಂದ ನೆಂಟರ ಮನೆಗೆ ಓಡಾಟ. ಹಿಂತಿರುಗಿದ ಮೇಲೆ, “ಇನ್ನು ಎರಡು ವರ್ಷ ಎಲ್ಲಿಗೂ ಹೋಗುವ ಮಾತಿಲ್ಲ” ಎಂಬ ತೀರ್ಮಾನ. ನಡುವಣ ಆ ಎರಡು ವರ್ಷ ನಮ್ಮ ಮಕ್ಕಳು ಗೋದೌಲಿಯಾದಿಂದ ಅಸ್ಸಿಯವರೆಗಿನ ರಸ್ತೆಯನ್ನೇ ಪ್ರಪಂಚವೆಂದು ತಿಳಿದು ಬೆಳೆಯುತ್ತಾರೆ. ಊರಿನಲ್ಲಿ ಅವರು ಕಾಶಿಯವರು. ಇಲ್ಲಿ ಅವರು ಮದ್ರಾಸಿಗಳು. ತಾವು ಹುಟ್ಟಿದ ಈ ರಾಜ್ಯದಲ್ಲಿ ಕಾಶಿಯೊಂದನ್ನು ಬಿಟ್ಟರೆ ಇನ್ನೊಂದು ಊರಿನ ಹೆಸರನ್ನು ಸ್ವಂತ ಕಣ್ಣಿನ ಬಲದಿಂದ ಅವರು ಹೇಳಲಾರರು.

ಈಗ ಒಂದು ಮನೆಯ ಮಾತು. ನನ್ನ ತಾಯಿಯವರು ತಂದೆಯವರ ತರುವಾಯ ನಮ್ಮೊಡನೆ ಇರಲು ಬಂದರು. ದಿನವೂ ನಸುಕಿನಲ್ಲಿ ಗಂಗಾಸ್ನಾನ. ಹಳ್ಳಿಯಲ್ಲಿ ಹೊಲ ಗದ್ದೆ ಕಂಡವರಾದ್ದರಿಂದ ಅವರಿಗೆ ಮಣ್ಣು, ಕಲ್ಲು, ಮರ ಇವುಗಳ ಮೇಲೆಯೇ ಕಣ್ಣು. ಒಂದು ದಿನ ಮೆಟ್ಟಿಲ ಮೇಲೆ ಸೀರೆ ಹಿಂಡುತ್ತ, “ಇಷ್ಟೊಂದು ಕಲ್ಲು ಎಲ್ಲಿಂದ ತಂದರೋ? ಸುತ್ತ ಎಲ್ಲಿ ನೋಡಿದರೂ ಬರೀ ಮೆಕ್ಕಲು ಮಣ್ಣು, ಒಂದು ಗುಡ್ಡ ಕಾಣುವುದಿಲ್ಲವಲ್ಲ” ಎಂದರು. “ಚುನಾರದಿಂದಮ್ಮ” ಎಂದೆ. “ಎಷ್ಟು ದೂರ?” “ಎಂಟು ಹರದಾರಿ ಇರಬಹುದು.” “ಅಷ್ಟೇಯೆ? ಹಾಗಾದರೆ ಒಂದು ದಿನ ಹೋಗಿ ಬರೋಣಪ್ಪ. ಗುಡ್ಡ ನೋಡಿ ಬಹಳ ದಿನವಾಯಿತು” ಎಂದರು. “ಆಗಲಿ, ಈ ಚಳಿಗಾಲ ಕಳೆಯಲಿ” ಎಂದೆ.

ಚಳಿಗಾಲ ಕಳೆಯಿತು. ಆಮೇಲೆ ಮಗನ ಪರೀಕ್ಷೆ, ಆಮೇಲೆ ಬಿಸಿಲು, ಆಮೇಲೆ ಗಂಗೆಗೆ ಪ್ರವಾಹ. ಹೀಗೆ ಒಂಬತ್ತು ವರ್ಷಗಳು ಹೋದವು. ಅವರು ಮತ್ತೆ ಕೇಳಿದ್ದು ಎರಡೇ ಸಾರಿ. ಕೊನೆಯ ಎರಡು ವರ್ಷ ಅವರ ಮಂಡಿಗಳು ಮೆಟ್ಟಿಲಿಳಿಯಲೂ ಒಪ್ಪಲಿಲ್ಲ. ಅವರು ತೀರಿಕೊಂಡು ವರ್ಷಾಬ್ದಿಕವಾದ ಮೇಲೆ ನಾನು ಒಬ್ಬನೇ ಚುನಾರಕ್ಕೆ ಹೋದೆ. ರಾತ್ರಿ ಮನೆಗೆ ಬಂದು, ಅಭ್ಯಾಸಬಲದಿಂದ ಆ ದಿನದ ಖರ್ಚನ್ನು ಪುಸ್ತಕದಲ್ಲಿ ಬರೆದೆ. ಬಸ್ಸು, ಆಟೋ, ಚಹ ಎಲ್ಲ ಸೇರಿ, ಅವರ ಒಂದು ವಾರದ ಔಷಧಿಗೆ ನಾನು ತೆರುತ್ತಿದ್ದ ಹಣಕ್ಕಿಂತ ಕಡಮೆಯಾಗಿತ್ತು. ಆ ಲೆಕ್ಕದ ಪುಟವನ್ನು ನಾನು ಇಂದಿಗೂ ತಿರುವಿ ನೋಡುವುದಿಲ್ಲ. ಆದರೆ ಆ ದಿನದಿಂದ ತಿಂಗಳಿಗೊಂದು ಊರು ಎಂದು ನಿಯಮ ಮಾಡಿಕೊಂಡೆ. ಆ ಅನುಭವದಿಂದ ನಾಲ್ಕು ಊರುಗಳ ವಿಷಯವನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದು ಚುನಾರವೇ ಆಗಲಿ. ಮಿರ್ಜಾಪುರ ಜಿಲ್ಲೆಗೆ ಸೇರಿದ ಈ ಊರು ರಸ್ತೆಯಲ್ಲಿ ಇಲ್ಲಿಂದ ಸುಮಾರು ೪೦ ಕಿಲೋಮೀಟರು. ರೈಲಿನಲ್ಲಿ ಹೋಗುವವರಿಗೆ ಹೌರಾ–ದೆಹಲಿ ಮುಖ್ಯ ಮಾರ್ಗದ ಮೇಲೆಯೇ ನಿಲ್ದಾಣವಿದೆ. ೨೦೧೮ರಲ್ಲಿ ದೀನದಯಾಳ್ ಉಪಾಧ್ಯಾಯ ಜಂಕ್ಷನ್ ಎಂದು ಹೆಸರು ಬದಲಾದ ಮೊಗಲ್‌ಸರಾಯಿಯಿಂದ ಪಶ್ಚಿಮಕ್ಕೆ ಹೋಗುವಾಗ ಅದು ಸಿಕ್ಕುತ್ತದೆ. ವಿಂಧ್ಯದ ಒಂದು ಬೆಟ್ಟದ ಮೂಗು ಗಂಗೆಯೊಳಕ್ಕೆ ಚಾಚಿಕೊಂಡಿದೆ; ಅದರ ಮೇಲೆ ಕೋಟೆ. ಕೋಟೆಯ ಗೋಡೆಯ ಬಳಿ ನಿಂತು ಕೆಳಗೆ ನೋಡಿದರೆ ಗಂಗೆ ಬಾಗಿ ಕಾಶಿಯ ಕಡೆಗೆ ಹರಿಯುವುದು ಕಾಣುತ್ತದೆ. ನನ್ನ ತಾಯಿಯವರ ಪ್ರಶ್ನೆಗೆ ಉತ್ತರ ಅಲ್ಲಿದೆ. ಕಲ್ಲು ಕಡಿದು ದೋಣಿಗೆ ಹೇರಿದರೆ ಹೊಳೆಯ ಹರಿವೇ ಅದನ್ನು ಕಾಶಿಗೆ ತಂದು ಮುಟ್ಟಿಸುತ್ತಿತ್ತು. ನಾವು ದಿನವೂ ತುಳಿಯುವ ಘಾಟಿನ ಮೆಟ್ಟಿಲುಗಳು, ಆಚೆ ದಡದ ರಾಮನಗರದ ಕೋಟೆ ಎಲ್ಲವೂ ಆ ಕೆನೆಬಣ್ಣದ ಮರಳುಗಲ್ಲೇ.

ಆ ಕೋಟೆಯ ಚರಿತ್ರೆ ದೊಡ್ಡದು. ಸುಮಾರು ೧೫೩೦ರಲ್ಲಿ ಶೇರ್ ಖಾನ್, ಅಂದರೆ ಮುಂದೆ ಶೇರ್ ಶಾಹನೆನಿಸಿದವನು, ಕೋಟೆಯ ಅಧಿಕಾರಿಯ ವಿಧವೆ ಲಾಡ್ ಮಲಿಕಾಳನ್ನು ಮದುವೆಯಾಗಿ ಅದನ್ನು ಪಡೆದನು. ಹುಮಾಯೂನನು ಅದನ್ನು ಮುತ್ತಿದನು. ಮುಂದೆ ಅದು ಅಕ್ಬರನ ಕೈಸೇರಿತು. ಆದರೆ ಸೋನಾರ್‌ಪುರದ ನಮಗೆ ಹತ್ತಿರದ ಕಥೆ ೧೭೮೧ರದು. ಆ ವರ್ಷದ ಆಗಸ್ಟಿನಲ್ಲಿ ವಾರನ್ ಹೇಸ್ಟಿಂಗ್ಸನು ಕಾಶೀರಾಜ ಚೇತಸಿಂಹನನ್ನು ಹಣಕ್ಕಾಗಿ ಪೀಡಿಸಿ, ಇಲ್ಲಿಂದ ಕೂಗಳತೆಯಲ್ಲಿರುವ ಶಿವಾಲಾದ ಅರಮನೆಯಲ್ಲೇ ಬಂಧಿಸಿದನು. ಜನ ತಿರುಗಿ ಬಿದ್ದರು. ಮದ್ದುಗುಂಡುಗಳಿಲ್ಲದೆ ಬಂದಿದ್ದ ಕಂಪೆನಿಯ ಸಿಪಾಯಿಗಳು ಹತರಾದರು. ರಾಜನು ಪೇಟಗಳನ್ನು ಗಂಟುಹಾಕಿ ಕಿಟಕಿಯಿಂದ ದೋಣಿಗಿಳಿದು ಪಾರಾದನು. ಇಡೀ ಹಿಂದೂಸ್ಥಾನವನ್ನು ನಡುಗಿಸಬೇಕಾದ ಹೇಸ್ಟಿಂಗ್ಸನು ತಾನೇ ನಡುಗಿ, ರಾತ್ರೋರಾತ್ರಿ ಓಡಿಹೋಗಿ ಸೇರಿದ್ದು ಇದೇ ಚುನಾರದ ಕೋಟೆಯನ್ನು. ಶಿವಾಲಾದ ಹುಡುಗರು ಗಾಳಿಪಟ ಹಾರಿಸುವ ಜಾಗದಿಂದ ಹೊರಟು ಅವನು ಓಡಿದ ದಿಕ್ಕನ್ನೇ ಹಿಡಿದು ಹೋಗುವಾಗ, ಚರಿತ್ರೆಯ ಪುಸ್ತಕದ ಒಂದು ಪುಟ ಕಾಲಿಗೆ ತಗಲುತ್ತದೆ.

ಕೋಟೆಯೊಳಗೆ ಭರ್ತೃಹರಿಯ ಸಮಾಧಿಯೆಂದು ಪೂಜಿಸುವ ಸ್ಥಳವಿದೆ. ನೀತಿಶತಕವನ್ನು ಬಾಯಿಪಾಠ ಮಾಡಿದ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ. ಅವರು ಅಲ್ಲಿ ಒಂದು ಗಳಿಗೆ ಕೂರಬಹುದು. ಆಳವಾದ ಮೆಟ್ಟಿಲುಬಾವಿಯಿದೆ, ಸೋನ್ವಾ ಮಂಟಪವಿದೆ. ಹಿಂದಿ ಓದುವ ಮಕ್ಕಳು ಹೋಗುವ ಮೊದಲು ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ ಕಾದಂಬರಿಯನ್ನು ಓದಲಿ. ೧೮೮೮ರಲ್ಲಿ ಹೊರಬಂದ ಆ ಕಥೆಯಲ್ಲಿ ಚುನಾರಗಢ ಬರುತ್ತದೆ. ಅದನ್ನು ಓದುವ ಆಸೆಗಾಗಿಯೇ ಜನ ಹಿಂದಿ ಕಲಿತರೆಂದು ಈ ಸೀಮೆಯಲ್ಲಿ ಹೇಳುತ್ತಾರೆ. ದಿನ ಉಳಿದರೆ ಅದೇ ರೈಲು ಮಾರ್ಗದಲ್ಲಿ ಇನ್ನೂ ಮುಂದಕ್ಕೆ ಮಿರ್ಜಾಪುರ, ವಿಂಧ್ಯಾಚಲ. ದೇವಿಯ ದರ್ಶನದ ಜೊತೆಗೆ ಮಕ್ಕಳಿಗೆ ಇನ್ನೊಂದು ಮಾತು ತಿಳಿಸಿ. ಭಾರತದ ಗಡಿಯಾರಗಳಿಗೆಲ್ಲ ಆಧಾರವಾದ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶ ಹಾದುಹೋಗುವುದು ಈ ಮಿರ್ಜಾಪುರದ ಬಳಿಯೇ. ನವರಾತ್ರಿಯ ದಿನಗಳಲ್ಲಿ ಮಾತ್ರ ಹೋಗಬೇಡಿ. ನೂಕುನುಗ್ಗಲಿನಲ್ಲಿ ಹಿರಿಯರಿಗೆ ಕಷ್ಟ.

ಎರಡನೆಯದು ಸಾರನಾಥ. “ಅದನ್ನು ನೋಡದವರು ಯಾರು?” ಎಂದು ನೀವು ಕೇಳಬಹುದು. ಊರಿನಿಂದ ನೆಂಟರು ಬಂದಾಗ ಅವರ ಹಿಂದೆ ಓಡಿ, ಒಂದು ಗಂಟೆಯಲ್ಲಿ ಮುಗಿಸಿ, ಸೀರೆಯಂಗಡಿಗೆ ತಿರುಗಿದ್ದನ್ನು ನೋಡಿದ್ದೆಂದು ನಾನು ಲೆಕ್ಕ ಹಿಡಿಯುವುದಿಲ್ಲ. ಹತ್ತು ಕಿಲೋಮೀಟರಿನ ದಾರಿ. ಹಂಚಿಕೆಯ ಆಟೋದಲ್ಲಿ ಹೋಗಿ, ಅರ್ಧ ದಿನ ನಿಧಾನವಾಗಿ ಕುಳಿತು ನೋಡಬೇಕಾದ ಊರು. ಧಮೇಕ ಸ್ತೂಪ ಸುಮಾರು ೪೩ ಮೀಟರು ಎತ್ತರ; ಅದರ ಕಲ್ಲಿನ ಹೊದಿಕೆಯ ಮೇಲಣ ಬಳ್ಳಿಯ ಕೆತ್ತನೆಯನ್ನು ಹೆಣ್ಣುಮಕ್ಕಳು ರಂಗೋಲಿಗೆ ಇಳಿಸಿಕೊಳ್ಳಬಹುದು. ವಸ್ತುಸಂಗ್ರಹಾಲಯದಲ್ಲಿ, ೧೯೦೪–೦೫ರ ಉತ್ಖನನದಲ್ಲಿ ಸಿಕ್ಕಿದ ಅಶೋಕನ ಸಿಂಹಶಿಖರವಿದೆ. ೧೯೫೦ರ ಜನವರಿ ೨೬ರಂದು ನಮ್ಮ ರಾಷ್ಟ್ರಲಾಂಛನವಾದದ್ದು ಅದೇ. ನಮ್ಮ ಜೇಬಿನ ನಾಣ್ಯದ ಮೇಲೆ ಇರುವ ಸಿಂಹಗಳ ಮೂಲವನ್ನು ನೋಡಲು ನಾಣ್ಯಗಳೇ ಸಾಕು! ಆ ಕಲ್ಲೂ ಚುನಾರದ್ದೇ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಅದರ ಹೊಳಪು ಇನ್ನೂ ಮಾಸಿಲ್ಲ.

ಕನ್ನಡಿಗನಿಗೆ ಅಲ್ಲಿ ಇನ್ನೊಂದು ಸಂಬಂಧವಿದೆ. ‘ದೇವಾನಾಂಪ್ರಿಯ’ ಎಂಬ ಬಿರುದಿನಲ್ಲಿ ಮರೆಯಾಗಿದ್ದ ಅರಸನು ಅಶೋಕನೇ ಎಂದು ಸ್ಪಷ್ಟವಾಗಿ ಹೇಳಿದ ಶಾಸನ ಸಿಕ್ಕಿದ್ದು ೧೯೧೫ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅವನ ಸಿಂಹಗಳು ಇಲ್ಲಿ ಉಳಿದವು. ಅವನ ಹೆಸರು ನಮ್ಮ ಬಂಡೆಯ ಮೇಲೆ ಉಳಿಯಿತು. ಈ ಮಾತನ್ನು ಆ ಸಿಂಹಗಳ ಮುಂದೆ ನಿಂತು ಮಕ್ಕಳಿಗೆ ಹೇಳಿ ನೋಡಿ, ಅವರು ಮರೆಯುವುದಿಲ್ಲ. ಎರಡು ಸೂಚನೆಗಳು: ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಸ್ತೂಪದ ಆವರಣದಲ್ಲಿ ೧೫ ವರ್ಷದೊಳಗಿನ ಮಕ್ಕಳಿಗೆ ಪ್ರವೇಶಶುಲ್ಕವಿಲ್ಲ.

ಮೂರನೆಯದು ಜೌನ್‌ಪುರ. ಇಲ್ಲಿಂದ ಸುಮಾರು ೬೦ ಕಿಲೋಮೀಟರು. ನಾವು ‘ಕ್ಯಾಂಟ್’ ಎಂದು ಕರೆಯುವ ವಾರಾಣಸಿ ಜಂಕ್ಷನ್ನಿನಿಂದ ರೈಲುಗಳಿವೆ; ಅದರ ಸಮೀಪದಿಂದಲೇ ಸರ್ಕಾರಿ ಬಸ್ಸುಗಳು, ಈ ಕಡೆಯವರ ಮಾತಿನಲ್ಲಿ ‘ರೋಡ್‌ವೇಸ್’, ಹೊರಡುತ್ತವೆ. ಗೋಮತಿಯ ದಡದ ಈ ಊರನ್ನು ೧೩೫೯ರಲ್ಲಿ ಫಿರೋಜ್ ಶಾಹ ತುಘಲಕನು ಸ್ಥಾಪಿಸಿದನು. ೧೩೯೪ರಿಂದ ಮುಂದೆ ಸುಮಾರು ಎಂಬತ್ತೈದು ವರ್ಷ ಶರ್ಕೀ ಸುಲ್ತಾನರು ದೆಹಲಿಯನ್ನು ಲೆಕ್ಕಿಸದೆ ಇಲ್ಲಿ ಆಳಿದರು. ನಮ್ಮ ಕಲಬುರ್ಗಿ ಬೀದರುಗಳ ಬಹಮನಿಯವರೂ ಹೀಗೆಯೇ ದೆಹಲಿಯಿಂದ ಬೇರೆಯಾಗಿ ೧೩೪೭ರಲ್ಲಿ ರಾಜ್ಯ ಕಟ್ಟಿದರಷ್ಟೆ. ಎರಡು ಕಡೆಯೂ ವಿದ್ಯೆಗೆ ಬಹಳ ಮರ್ಯಾದೆ. ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ೧೪೭೨ರಲ್ಲಿ ಮುಗಿಯಿತು. ಅದೇ ಕಾಲದ ಜೌನ್‌ಪುರವನ್ನು ಹಿಂದೂಸ್ಥಾನದ ಶೀರಾಜ್ ಎಂದು ಕೊಂಡಾಡುತ್ತಿದ್ದರು. ಮೊದಲು ಹೇಳಿದ ಶೇರ್ ಶಾಹನು ಹುಡುಗನಾಗಿದ್ದಾಗ ಓದಿದ್ದು ಇಲ್ಲಿಯೇ.

ನೋಡಬೇಕಾದದ್ದು ಮೂರು. ೧೪೦೮ರ ಅಟಾಲಾ ಮಸೀದಿ, ಹಿಂದಿನ ಗುಮ್ಮಟವನ್ನೇ ಮರೆಮಾಡುವಷ್ಟು ಎತ್ತರದ ಅದರ ಮುಂಬಾಗಿಲು. ಕೊನೆಯ ಸುಲ್ತಾನ ಹುಸೇನ್ ಶಾಹನ ಕಾಲದ ಜಾಮಾ ಮಸೀದಿ. ಅಕ್ಬರನ ಕಾಲದಲ್ಲಿ ಮುನೀಮ್ ಖಾನನು ಗೋಮತಿಗೆ ಕಟ್ಟಿಸಿದ ಕಲ್ಲಿನ ಸೇತುವೆ. ೧೫೬೦ರ ದಶಕದ ಆ ಸೇತುವೆಯ ಮೇಲೆ ಜನ ಇಂದಿಗೂ ಓಡಾಡುತ್ತಾರೆ; ಇಕ್ಕೆಲದಲ್ಲಿಯೂ ಕಂಬಗಳ ಮೇಲೆ ಸಣ್ಣ ಮಂಟಪಗಳಿವೆ; ಆನೆಯ ಮೇಲೇರಿದ ಸಿಂಹದ ಶಿಲ್ಪವೊಂದು ಅಲ್ಲಿದೆ. ೧೯೩೪ರ ಭೂಕಂಪದಲ್ಲಿ ಕೆಟ್ಟ ಕಮಾನುಗಳನ್ನು ಮತ್ತೆ ಕಟ್ಟಿದರು. ಮಸೀದಿಗಳಿಗೆ ಹೋಗುವಾಗ ನಮಾಜಿನ ಹೊತ್ತನ್ನು ಬಿಟ್ಟು ಹೋಗಿ, ಪಾದರಕ್ಷೆ ಹೊರಗಿಡಿ, ದೇವಸ್ಥಾನದಲ್ಲಿ ಹೇಗಿರುತ್ತೀರೋ ಹಾಗಿರಿ. ಅಲ್ಲಿನ ಮುದುಕರೊಬ್ಬರು ನಮ್ಮನ್ನು ನೆರಳಿನಲ್ಲಿ ಕೂರಿಸಿ, ನೀರು ಕೊಟ್ಟು, “ಎಲ್ಲಿಂದ ಬಂದಿರಿ?” ಎಂದು ವಿಚಾರಿಸಿದರು. “ಬನಾರಸ್” ಎಂದರೆ ನಂಬಲಿಲ್ಲ. ನಮ್ಮ ಹಿಂದಿಯನ್ನು ಕೇಳಿ ನಕ್ಕರು. ಆಮೇಲೆ ನಾವೂ ನಕ್ಕೆವು.

ಸಂಗೀತಪ್ರಿಯರಿಗೆ ಜೌನ್‌ಪುರಿ ರಾಗವನ್ನು ನಾನು ಪರಿಚಯ ಮಾಡಿಕೊಡಬೇಕಾಗಿಲ್ಲ. ನಮ್ಮ ಕರ್ನಾಟಕ ಸಂಗೀತದವರೂ ಅದನ್ನು ಜೋನ್‌ಪುರಿ ಎಂದು ಹಾಡುತ್ತಾರೆ. ಸಂಪ್ರದಾಯವು ಅದನ್ನು ಈ ಹುಸೇನ್ ಶಾಹನ ಹೆಸರಿಗೆ ಸೇರಿಸುತ್ತದೆ. ನಾಲಗೆಪ್ರಿಯರಿಗೆ ಅಲ್ಲಿ ಇಮರ್ತಿ ಇದೆ. ಉದ್ದಿನ ಹಿಟ್ಟಿನದು; ನಮ್ಮ ಜಹಾಂಗೀರಿಗೆ ಅಣ್ಣನೆನ್ನಬಹುದು. ಅಗ್ಗದ ಪ್ರವಾಸದ ನಿಯಮಕ್ಕೆ ಇದೊಂದು ಅಪವಾದ. ತಲೆಗೊಂದರಂತೆ ತಿನ್ನಲು ಅಪ್ಪಣೆ ಉಂಟು.

ನಾಲ್ಕನೆಯದು ಗಾಜೀಪುರ; ಗಂಗೆಯ ಕೆಳದಿಕ್ಕಿಗೆ ಸುಮಾರು ೭೫ ಕಿಲೋಮೀಟರು. ವಾರಾಣಸಿ ಸಿಟಿ ನಿಲ್ದಾಣದಿಂದ ಔಡಿಹಾರದ ಮೇಲೆ ರೈಲಿದೆ. “ಅಲ್ಲೇನಿದೆ?” ಎಂದು ಇಲ್ಲಿಯವರೇ ಕೇಳುತ್ತಾರೆ. ಗುಲಾಬಿಯಿತ್ತು, ೧೮೮೮ರಲ್ಲಿ ರವೀಂದ್ರನಾಥ ಠಾಕೂರರು ಆ ಗುಲಾಬಿಯ ಖ್ಯಾತಿಗೆ ಮನಸೋತು ಬಂದು ಅಲ್ಲಿ ಕೆಲಕಾಲ ಇದ್ದರು. ೧೮೯೦ರಲ್ಲಿ ಸ್ವಾಮಿ ವಿವೇಕಾನಂದರು ಪವಹಾರಿ ಬಾಬಾ ಅವರನ್ನು ಕಾಣಲು ಅಲ್ಲಿಗೆ ಹೋಗಿದ್ದರು. ೧೮೨೦ರಿಂದ ನಡೆದುಬಂದ ಸರ್ಕಾರದ ಅಫೀಮಿನ ಕಾರ್ಖಾನೆ ಇದೆ; ಚೀನಾ ದೇಶವನ್ನು ಮತ್ತಿನಲ್ಲಿ ಕೆಡವಿದ ಅಫೀಮಿನ ಪೆಟ್ಟಿಗೆಗಳು ಇಲ್ಲಿಂದಲೂ ಹೋಗುತ್ತಿದ್ದವು. ಅದರೊಳಗೆ ನಮಗೆ ಪ್ರವೇಶವಿಲ್ಲ. ಹೊರಗಿನ ಗೋಡೆಯನ್ನು ನೋಡಿ ಮುಂದೆ ಹೋಗುವುದು.

ಆದರೆ ಕನ್ನಡಿಗನಾದವನು ಗಾಜೀಪುರಕ್ಕೆ ಹೋಗಲೇಬೇಕಾದ ಕಾರಣ ಬೇರೆ. ಅಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಗೋರಿಯಿದೆ. ೧೭೮೧ರಲ್ಲಿ ಹೇಸ್ಟಿಂಗ್ಸನು ಚುನಾರಕ್ಕೆ ಓಡಿಹೋದ ಎರಡು ತಿಂಗಳಿಗೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾದವನು ಇವನೇ. ಅಲ್ಲಿ ಕಳೆದದ್ದನ್ನು ಇಲ್ಲಿ ಗಳಿಸಲು ಗವರ್ನರ್ ಜನರಲ್ ಆಗಿ ಬಂದನು. ೧೭೯೧ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದನು. ೧೭೯೨ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟೀಪೂ ಸುಲ್ತಾನನಿಂದ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಬರೆಸಿಕೊಂಡು, ಆ ಹಣಕ್ಕೆ ಒತ್ತೆಯಾಗಿ ಎಂಟು ಹತ್ತು ವಯಸ್ಸಿನ ಅವನ ಇಬ್ಬರು ಮಕ್ಕಳನ್ನು ಕರೆದೊಯ್ದನು. ಎರಡನೆಯ ಸಾರಿ ಗವರ್ನರ್ ಜನರಲ್ ಆಗಿ ಬಂದು, ಗಂಗೆಯಲ್ಲಿ ಮೇಲಕ್ಕೆ ಪ್ರಯಾಣ ಮಾಡುತ್ತಿದ್ದಾಗ, ೧೮೦೫ರ ಅಕ್ಟೋಬರ್ ೫ರಂದು ಗಾಜೀಪುರದಲ್ಲಿ ತೀರಿಕೊಂಡನು. ಹನ್ನೆರಡು ಕಂಬಗಳ ಮೇಲೆ ಭಾರವಾದ ಗುಮ್ಮಟ. ಒಳಗೆ ಬಿಳಿಯ ಅಮೃತಶಿಲೆಯಲ್ಲಿ ಅವನ ಮುಖ. ಪಕ್ಕದಲ್ಲಿ ತಲೆತಗ್ಗಿಸಿ ದುಃಖಿಸುತ್ತಿರುವ ಒಬ್ಬ ಹಿಂದೂ, ಒಬ್ಬ ಮುಸಲ್ಮಾನ.

ನಾನು ನನ್ನ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ರೈಲಿನಲ್ಲಿ ಈ ಕಥೆಯನ್ನೆಲ್ಲ ಹೇಳಿದ್ದೆ. ಅವಳು ಆ ಕಲ್ಲನ್ನು ಎರಡು ಸಾರಿ ಸುತ್ತಿ ಬಂದು, “ಅಜ್ಜ, ಆ ಇಬ್ಬರು ಹುಡುಗರು ಇದರಲ್ಲಿ ಎಲ್ಲಿದ್ದಾರೆ?” ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಅವಳಿಗೆ ಒಂಬತ್ತು ವರ್ಷ. ಆ ಹುಡುಗರ ವಯಸ್ಸೇ. ಶಾಲೆಯ ಪುಸ್ತಕ ಅವಳಿಗೆ ಆ ಪ್ರಶ್ನೆಯನ್ನು ಕೊಟ್ಟಿರಲಿಲ್ಲ, ಊರು ಕೊಟ್ಟಿತು. ಹಿಂದಿರುಗುವಾಗ ಅವಳು, “ಮುಂದಿನ ಸಾರಿ ಊರಿಗೆ ಹೋದಾಗ ಶ್ರೀರಂಗಪಟ್ಟಣ ತೋರಿಸುತ್ತೀರಾ?” ಎಂದಳು. ನೆಂಟರ ಮನೆಗಳಲ್ಲದೆ ಬೇರೊಂದನ್ನು ತನ್ನ ನಾಡಿನಲ್ಲಿ ನೋಡಬೇಕೆಂದು ಅವಳು ಕೇಳಿದ್ದು ಅದೇ ಮೊದಲು. ಇಲ್ಲಿಯ ಊರನ್ನು ನೋಡಿದ್ದರಿಂದ ಅಲ್ಲಿಯ ಊರು ಹತ್ತಿರವಾಯಿತು. ಇಲ್ಲಿ ಸುತ್ತಿದರೆ ಮಕ್ಕಳು ಕನ್ನಡನಾಡನ್ನು ಮರೆಯುತ್ತಾರೆಂದು ಹೆದರುವವರಿಗೆ ನಾನು ಕೊಡಬಲ್ಲ ಸಮಾಧಾನ ಇದೇ.

ಇನ್ನು ಖರ್ಚಿನ ಮಾತು. ಒಂದು ಸಂಸಾರ ಒಮ್ಮೆ ಊರಿಗೆ ಹೋಗಿಬರುವ ರೈಲಿನ ಹಣದಲ್ಲಿ, ಅದೇ ಸಂಸಾರ ವರ್ಷವಿಡೀ ತಿಂಗಳಿಗೊಂದು ಊರು ನೋಡಬಹುದು. ಅದಕ್ಕೆ ಕೆಲವು ನಿಯಮಗಳಿವೆ. ಮೊದಲನೆಯದು, ರಾತ್ರಿ ತಂಗಬಾರದು. ಪ್ರವಾಸದ ಹಣವನ್ನು ನುಂಗುವುದು ಕೊಠಡಿಯ ಬಾಡಿಗೆ. ಎರಡನೆಯದು, ಕಾದಿರಿಸದ ಸಾಮಾನ್ಯ ದರ್ಜೆ, ಇಲ್ಲವೇ ರೋಡ್‌ವೇಸ್. ಊರೊಳಗೆ ಹಂಚಿಕೆಯ ಆಟೋ ಅಥವಾ ಇ-ರಿಕ್ಷಾ, ಹತ್ತುವ ಮೊದಲೇ ಬಾಡಿಗೆಯ ಮಾತು. ಮೂರನೆಯದು, ಬುತ್ತಿ ಮನೆಯದೇ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನಕ್ಕೆ ಚಪಾತಿ, ಚಟ್ನಿಪುಡಿ, ಮೊಸರನ್ನ. ಹಾಲು ಹೆಚ್ಚಾಗಿ ಬೆರೆಸಿ ಸ್ವಲ್ಪವೇ ಮೊಸರು ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುವುದಿಲ್ಲವೆಂದು ತಾಯಂದಿರಿಗೆ ನಾನು ಹೇಳಬೇಕಾದದ್ದಿಲ್ಲ. ಕುಡಿಯುವ ನೀರು ಮನೆಯಿಂದಲೇ. ನಾಲ್ಕನೆಯದು, ಕೊಂಡು ತರುವುದು ಏನೂ ಇಲ್ಲ. ಚುನಾರದ ಒಂದು ಮಣ್ಣಿನ ಪಾತ್ರೆ ಬೇಕಾದರೆ ಆಗಲಿ.

ಕಾಲದ ವಿಷಯದಲ್ಲಿಯೂ ಎಚ್ಚರ ಬೇಕು. ದೀಪಾವಳಿ ಕಳೆದ ಮೇಲೆ ಡಿಸೆಂಬರಿನ ಮೊದಲ ಭಾಗದವರೆಗೆ, ಮತ್ತೆ ಫೆಬ್ರವರಿ ಮಾರ್ಚಿ ತಿಂಗಳುಗಳು ಉತ್ತಮ. ಅವುಗಳ ನಡುವೆ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಏರ್ಪಾಡು ಕೆಡುತ್ತದೆ. ಮೇ ಜೂನಿನ ‘ಲೂ’ ಗಾಳಿಯಲ್ಲಿ ಮನೆ ಬಿಡುವುದು ಅವಿವೇಕ. ಶ್ರಾವಣದಲ್ಲಿ ಕಾವಡಿ ಹೊತ್ತ ಭಕ್ತರ ಸಂದಣಿಯಿಂದ ರಸ್ತೆಗಳು ತುಂಬಿರುತ್ತವೆ.

ಕೊನೆಯದಾಗಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ನಮ್ಮಲ್ಲಿ ಕ್ಷೇತ್ರಸಂನ್ಯಾಸ ತೆಗೆದುಕೊಂಡು, ಇನ್ನು ಕಾಶಿಯ ಎಲ್ಲೆ ದಾಟುವುದಿಲ್ಲವೆಂದು ಸಂಕಲ್ಪ ಮಾಡಿದ ಹಿರಿಯರಿದ್ದಾರೆ. “ನಮಗೇನು ದಾರಿ?” ಎಂದು ಒಬ್ಬ ಅಜ್ಜಿ ಕೇಳಿದರು. ಅವರ ವ್ರತ ದೊಡ್ಡದು. ಅದನ್ನು ಮುರಿಯಲು ನಾನು ಹೇಳುವುದಿಲ್ಲ. ಆದರೆ ಪಂಚಕ್ರೋಶಿಯ ದಾರಿ ಕಾಶಿಯದೇ ಅಲ್ಲವೆ? ಕಂದವಾ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರಾ ಎಂದು ಐದು ತಂಗುದಾಣಗಳು. ಸುಮಾರು ೮೦ ಕಿಲೋಮೀಟರು. ನಡೆಯಲಾರದವರನ್ನು ಒಂದು ದಿನಕ್ಕೆ ಒಂದೇ ತಂಗುದಾಣದಂತೆ ವಾಹನದಲ್ಲಿ ಕರೆದೊಯ್ಯಬಹುದು. ಕಂದವಾದ ಕರ್ದಮೇಶ್ವರ, ಕಾಶಿಯಲ್ಲಿ ಉಳಿದಿರುವ ಅತಿ ಹಳೆಯ ದೇಗುಲಗಳಲ್ಲಿ ಒಂದು. ಮುಂದೆ ಕೊಳ, ಸುತ್ತ ಮರಗಳು. ಗಲ್ಲಿಯ ಕತ್ತಲೆಯ ಕೋಣೆಯಲ್ಲಿ ವರ್ಷಗಟ್ಟಲೆ ಕುಳಿತವರಿಗೆ ಆ ಬಯಲು, ಆ ಆಕಾಶ ಎಷ್ಟು ಬೇಕಾಗಿದೆಯೆಂದು ಕರೆದೊಯ್ದು ನೋಡಿದವರಿಗೇ ಗೊತ್ತು.

ಆದ್ದರಿಂದ ಈ ಕೂಟದ ಮುಂದೆ ಒಂದು ಸಣ್ಣ ಸಲಹೆಯಿಡುತ್ತೇನೆ. ಬರುವ ಕಾರ್ತಿಕದಿಂದ, ತಿಂಗಳಲ್ಲಿ ಒಂದು ಭಾನುವಾರ ನಾಲ್ಕೈದು ಸಂಸಾರಗಳು ಸೇರಿ ಒಂದು ಊರಿಗೆ ಹೋಗೋಣ. ಹೋಗುವ ಮೊದಲಿನ ವಾರ ಆ ಊರಿನ ವಿಷಯವನ್ನು ಇಲ್ಲಿಯ ಪುಸ್ತಕಗಳಿಂದ ಒಬ್ಬ ಹುಡುಗನೋ ಹುಡುಗಿಯೋ ಕನ್ನಡದಲ್ಲಿ ಎಲ್ಲರಿಗೂ ಓದಿ ಹೇಳಲಿ. ವಾಚನಾಲಯದ ಮೇಜಿನ ಮೇಲೆ ಒಂದು ದಪ್ಪ ನೋಟುಬುಕ್ಕು ಇಡೋಣ. ಹೋಗಿಬಂದವರು ಯಾವ ರೈಲು, ಎಷ್ಟು ಖರ್ಚು, ನೆರಳೆಲ್ಲಿ, ನೀರೆಲ್ಲಿ, ಹಿರಿಯರು ಎಷ್ಟು ಮೆಟ್ಟಿಲು ಹತ್ತಬೇಕು ಎಂಬುದನ್ನು ಅದರಲ್ಲಿ ಬರೆಯಲಿ. ಮುಂದೆ ಹೋಗುವವರಿಗೆ ಅದಕ್ಕಿಂತ ದೊಡ್ಡ ಮಾರ್ಗದರ್ಶಿ ಬೇಕಾಗಿಲ್ಲ. ನೋಟುಬುಕ್ಕನ್ನು ನಾನೇ ತಂದಿದ್ದೇನೆ, ಕಾರ್ಯದರ್ಶಿಗಳು ಸ್ವೀಕರಿಸಬೇಕು. ಮೊದಲ ಪುಟದಲ್ಲಿ ಚುನಾರದ ಖರ್ಚನ್ನು ನಾನು ಬರೆದಿಟ್ಟಿದ್ದೇನೆ.

ಒಂದೇ ಒಂದು ಬಿನ್ನಹ. ಹೊರಡುವ ದಿನ ಮನೆಯ ಹಿರಿಯರನ್ನು “ನೀವು ಇರಿ, ನಿಮಗೆ ಆಯಾಸ” ಎಂದು ಬಿಟ್ಟು ಹೋಗಬೇಡಿ. ಮೊದಲು ಅವರನ್ನು ಕೇಳಿ. ಮಂಡಿಗಳು ಇನ್ನೂ ಮಾತು ಕೇಳುವಾಗಲೇ ಕೇಳಿ.